ಕಡಲ ಮೇಲಿನ ರಜೆ ಮತ್ತು ಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ರಜೆಯಲ್ಲಿ ವಿಹಾರ ನೌಕೆ ಹತ್ತುವ ಕುಟುಂಬಗಳು ನಮ್ಮಲ್ಲಿ ಈಗ ಅಪರೂಪವಲ್ಲ. ಸಿಂಗಪುರದಿಂದ ಹೊರಟು ಮಲೇಷ್ಯಾ, ಥಾಯ್ಲೆಂಡಿನ ಬಂದರುಗಳನ್ನು ನೋಡಿಕೊಂಡು ಮೂರು ನಾಲ್ಕು ರಾತ್ರಿಗಳಲ್ಲಿ ಮರಳುವ ಹಡಗುಗಳಲ್ಲಿಯೂ ಮುಂಬೈಯಿಂದ ಗೋವಾದ ಕಡೆಗೆ ಹೋಗುವ ಹಡಗಿನಲ್ಲಿಯೂ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಮಕ್ಕಳ ನಡವಳಿಕೆ ಮತ್ತು ಸಹಪ್ರಯಾಣಿಕರ ವಿಷಯವೇ ಹೆಚ್ಚಾಗಿದ್ದುದರಿಂದ, ಅವುಗಳಲ್ಲಿ ಕೆಲವನ್ನು ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾವು ಮೂರು ಕುಟುಂಬದವರು ಸೇರಿ ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಹೋಗುವವರಿದ್ದೇವೆ. ನಾಲ್ಕರಿಂದ ಹದಿನಾಲ್ಕು ವರ್ಷದವರೆಗಿನ ಆರು ಮಕ್ಕಳಿದ್ದಾರೆ. ‘ಸುತ್ತಲೂ ನೀರು, ಮಕ್ಕಳು ಎಲ್ಲಿಗೆ ಹೋಗಿಯಾರು? ಅವರ ಪಾಡಿಗೆ ಅವರನ್ನು ಬಿಟ್ಟು ನೀವು ಆರಾಮವಾಗಿರಿ’ ಎಂದು ಹೋಗಿ ಬಂದವರು ಹೇಳುತ್ತಾರೆ. ಹಾಗೆ ಬಿಡಬಹುದೆ? ಹೊರಡುವ ಮುನ್ನ ಅವರಿಗೆ ಏನು ಹೇಳಿಕೊಡಬೇಕು? — ಓದುಗರೊಬ್ಬರು, ಬೆಂಗಳೂರು

ಉತ್ತರ: ಸುತ್ತಲೂ ನೀರಿದೆ ಎಂಬುದೇ ಹಾಗೆ ಬಿಡಬಾರದೆಂಬುದಕ್ಕೆ ಮೊದಲ ಕಾರಣ. ಸಾವಿರಾರು ಅಪರಿಚಿತರು, ಹತ್ತಾರು ಅಂತಸ್ತುಗಳು, ಈಜುಕೊಳಗಳು, ಮದ್ಯದ ಅಂಗಡಿಗಳು, ಜೂಜಿನ ಕೋಣೆ, ಗಾಳಿಯ ರಭಸಕ್ಕೆ ಧಡ್ಡನೆ ಮುಚ್ಚಿಕೊಳ್ಳುವ ಭಾರವಾದ ಬಾಗಿಲುಗಳು ಒಂದೇ ಸೂರಿನಡಿ ಇರುವ ಸ್ಥಳ ಅದು. ಹಡಗಿನಲ್ಲಿ ಮಕ್ಕಳಿಗೆ ವಿಧಿಸಿರುವ ನಿಯಮಗಳಲ್ಲಿ ಬಹುಪಾಲು ಸುರಕ್ಷತೆಗಾಗಿ ಹುಟ್ಟಿದವು ಎಂಬುದನ್ನು ಮೊದಲು ಹಿರಿಯರು ಮನಗಾಣಬೇಕು. ಆಮೇಲೆ ಆ ಕಾರಣವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ‘ಓಡಬೇಡ’ ಎಂದು ಗದರಿಸಿದರೆ ಮಗು ನೀವು ಕಣ್ಣಿಗೆ ಮರೆಯಾಗುವವರೆಗೆ ಮಾತ್ರ ನಿಲ್ಲುತ್ತದೆ. ಒದ್ದೆಯಾದ ಡೆಕ್ಕಿನ ಮೇಲೆ ಹಡಗು ತುಸು ವಾಲಿದರೆ ಏನಾಗುತ್ತದೆಂದು ವಿವರಿಸಿದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ ಎಂಬುದು ನನ್ನ ದೃಢ ನಂಬಿಕೆ.

ನಿಮ್ಮ ಕ್ಯಾಬಿನ್ನಿಗೆ ಬಾಲ್ಕನಿ ಇದ್ದರೆ ಮೊದಲ ಮಾತು ಅದರದ್ದೇ ಆಗಿರಲಿ. ಅಮೆರಿಕದ ಬಂದರುಗಳಿಗೆ ಬರುವ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಅಂಚಿನ ಕಂಬಿಯ ಎತ್ತರ ಕನಿಷ್ಠ 42 ಇಂಚು, ಅಂದರೆ ಮೂರೂವರೆ ಅಡಿ ಇರಬೇಕೆಂದು ಅಲ್ಲಿನ 2010ರ ಕಾಯ್ದೆ ಹೇಳುತ್ತದೆ. ನಾಲ್ಕು ವರ್ಷದ ಮಗು ನೆಲದ ಮೇಲೆ ನಿಂತಿರುವಷ್ಟು ಹೊತ್ತು ಆ ಎತ್ತರ ಸಾಕು. ಅದೇ ಮಗು ಕುರ್ಚಿಯ ಮೇಲೆ ಹತ್ತಿ ನಿಂತರೆ ಕಂಬಿ ಅದರ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಕ್ಯಾಬಿನ್ನಿಗೆ ಕಾಲಿಟ್ಟ ಕೂಡಲೇ ಬಾಲ್ಕನಿಯ ಕುರ್ಚಿ ಮತ್ತು ಮೇಜುಗಳನ್ನು ಕಂಬಿಯಿಂದ ದೂರ ಸರಿಸಿ, ಬಾಗಿಲಿನ ಚಿಲಕವನ್ನು ಸದಾ ಹಾಕಿಟ್ಟು, ಹಿರಿಯರೊಬ್ಬರು ಜೊತೆಗಿಲ್ಲದೆ ಯಾವ ಮಗುವೂ ಅಲ್ಲಿಗೆ ಹೋಗಕೂಡದೆಂಬ ಕಟ್ಟುನಿಟ್ಟನ್ನು ಮೂರೂ ಕುಟುಂಬದವರು ಒಂದೇ ರೀತಿಯಲ್ಲಿ ಪಾಲಿಸಬೇಕು. ಫೋಟೋ ತೆಗೆಯಲೆಂದು ಮಗುವನ್ನು ಕಂಬಿಯ ಮೇಲೆ ಕೂರಿಸುವ ತಂದೆಯಂದಿರಿದ್ದಾರೆ. ಇದನ್ನು ದಯವಿಟ್ಟು ಯಾರೂ ಮಾಡಬೇಡಿ.

ಎರಡನೆಯದು ತುರ್ತು ಸಂದರ್ಭದ ಅಭ್ಯಾಸ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಹಡಗು ಬಂಡೆಗೆ ತಾಗಿ ಮಗುಚಿದಾಗ 32 ಮಂದಿ ಸತ್ತರು. ಆ ದಿನ ಸಂಜೆಯಷ್ಟೇ ಹಡಗು ಹತ್ತಿದ್ದ ನೂರಾರು ಜನರಿಗೆ ಲೈಫ್ ಜಾಕೆಟ್ ತೊಟ್ಟು ಎಲ್ಲಿ ಸೇರಬೇಕೆಂಬ ಅಭ್ಯಾಸ ಇನ್ನೂ ಆಗಿರಲಿಲ್ಲ, ಏಕೆಂದರೆ ಹತ್ತಿದ 24 ಗಂಟೆಗಳೊಳಗೆ ಅದನ್ನು ಮಾಡಿಸಿದರೆ ಸಾಕೆಂಬುದು ಆಗಿನ ನಿಯಮವಾಗಿತ್ತು. 2015ರ ಜನವರಿ 1ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಈ ಅಭ್ಯಾಸ ಮುಗಿಯಬೇಕೆಂದು ಅಂತರರಾಷ್ಟ್ರೀಯ ನಿಯಮವನ್ನು ಬಿಗಿಗೊಳಿಸಲಾಯಿತು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲೋ ಕ್ಯಾಬಿನ್ನಿನ ಟಿ.ವಿ.ಯಲ್ಲೋ ವಿಡಿಯೊ ನೋಡಿ, ನಿಮಗೆ ಗೊತ್ತುಪಡಿಸಿದ ಮಸ್ಟರ್ ಸ್ಟೇಷನ್ನಿಗೆ, ಅಂದರೆ ತುರ್ತಿನಲ್ಲಿ ಸೇರಬೇಕಾದ ಜಾಗಕ್ಕೆ, ಹೋಗಿ ಹಾಜರಿ ಹಾಕಿಸಿದರೆ ಕೆಲಸ ಮುಗಿಯುತ್ತದೆ. ಬಫೆಯ ಸಾಲಿನಲ್ಲಿ ನಿಂತು ಇದನ್ನು ಕೊನೆಯ ಗಳಿಗೆಗೆ ತಳ್ಳಬೇಡಿ. ಆರೂ ಮಕ್ಕಳನ್ನು ಕರೆದುಕೊಂಡು ಮೆಟ್ಟಿಲುಗಳ ದಾರಿಯಿಂದಲೇ ಅಲ್ಲಿಗೆ ನಡೆದು ಹೋಗಿ. ಏಳು ಬಾರಿ ಚಿಕ್ಕದಾಗಿ, ಒಂದು ಬಾರಿ ಉದ್ದವಾಗಿ ಶಿಳ್ಳೆ ಕೇಳಿಸಿದರೆ ಅದು ತುರ್ತು ಕರೆ ಎಂಬುದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ. ಚಿಕ್ಕ ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿದೆಯೆಂದು ಸಿಬ್ಬಂದಿಯನ್ನು ಕೇಳಿ ತಿಳಿದುಕೊಳ್ಳಿ. ಹಲವು ಕಂಪನಿಗಳು ಮಕ್ಕಳ ಕೈಗೆ ಕಟ್ಟುವ ಪಟ್ಟಿಯಲ್ಲಿ ಆ ಮಗು ಸೇರಬೇಕಾದ ಜಾಗದ ಗುರುತಿರುತ್ತದೆ. ಅದು ಚರ್ಮಕ್ಕೆ ಕಿರಿಕಿರಿ ಎಂದು ಕಿತ್ತುಹಾಕಬಾರದು.

ಮಕ್ಕಳ ಕ್ಲಬ್ಬಿನ ವಿಷಯ. ಸಾಮಾನ್ಯವಾಗಿ ಮೂರು ವರ್ಷ ತುಂಬಿದ, ಶೌಚದ ಅಭ್ಯಾಸವಾದ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆ. ಬಿಡುವಾಗಲೂ ಕರೆದೊಯ್ಯುವಾಗಲೂ ತಂದೆತಾಯಿ ಸಹಿ ಹಾಕಬೇಕು. ಆ ಸಿಬ್ಬಂದಿ ತರಬೇತಿ ಪಡೆದವರು, ನಂಬಬಹುದು. ಆದರೆ ಜ್ವರ ಅಥವಾ ವಾಂತಿ ಇರುವ ಮಗುವನ್ನು ಔಷಧ ಕುಡಿಸಿ ಅಲ್ಲಿಗೆ ಬಿಟ್ಟುಬರುವುದು ಉಳಿದ ಮಕ್ಕಳಿಗೆ ಮಾಡುವ ಅನ್ಯಾಯ.

ನಿಮ್ಮ ಹದಿನಾಲ್ಕು ವರ್ಷದ ಮಗುವಿಗೆ ಒಂದಿಷ್ಟು ಸ್ವಾತಂತ್ರ್ಯ ಕೊಡಿ, ಅದಕ್ಕೆ ಗಡುವೂ ಇರಲಿ. ರಾತ್ರಿ 1 ಗಂಟೆಯ ನಂತರ ಹಿರಿಯರಿಲ್ಲದೆ ಹದಿಹರೆಯದವರು ಸಾರ್ವಜನಿಕ ಜಾಗಗಳಲ್ಲಿ ಇರಕೂಡದೆಂದು ಕೆಲವು ಕಂಪನಿಗಳೇ ನಿಯಮ ಮಾಡಿವೆ. ನೀವು ಹತ್ತು ಗಂಟೆಯೆಂದು ಗೊತ್ತುಮಾಡಿದರೆ ತಪ್ಪೇನೂ ಇಲ್ಲ. ಹೊಸದಾಗಿ ಪರಿಚಯವಾದವರ ಕ್ಯಾಬಿನ್ನಿಗೆ ಹೋಗಬಾರದು, ಸಿಬ್ಬಂದಿಗೆ ಮಾತ್ರ ಎಂದು ಬರೆದಿರುವ ಬಾಗಿಲು ದಾಟಬಾರದು, ಹೋಗುವ ಜಾಗ ಬದಲಾದರೆ ತಿಳಿಸಬೇಕು ಎಂಬ ಮೂರು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿ. ಮಕ್ಕಳು ಗುಂಪಾದಾಗ ಒಬ್ಬೊಬ್ಬರಾಗಿ ಮಾಡದ ಕೆಲಸವನ್ನು ಮಾಡುತ್ತಾರೆ. ಕ್ಯಾಬಿನ್ನುಗಳ ನಡುವಿನ ಗೋಡೆಗಳು ತೆಳ್ಳಗಿದ್ದು, ರಾತ್ರಿ ಹನ್ನೊಂದರ ಹೊತ್ತಿಗೆ ಉದ್ದನೆಯ ಓಣಿಯಲ್ಲಿ ಆರು ಜನ ಓಡಿದರೆ ಎಷ್ಟೋ ಮನೆಯವರ ನಿದ್ದೆ ಕೆಡುತ್ತದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಫ್ಲೋರಿಡಾದಿಂದ ಹೊರಟ ಹಡಗಿನಲ್ಲಿ ಒಂದೂವರೆ ವರ್ಷದ ಮಗಳನ್ನು ಈಜುಕೊಳಕ್ಕೆ ಇಳಿಸಲು ಹೋದಾಗ ಸಿಬ್ಬಂದಿ ಎಲ್ಲರೆದುರು ತಡೆದರು. ನೀರಿಗೆಂದೇ ಇರುವ ಡೈಪರ್ ಹಾಕಿದ್ದೇವೆ ಎಂದರೂ ಕೇಳಲಿಲ್ಲ. ಊರಿಂದ ಬಂದಿದ್ದ ಅತ್ತೆ ಮಾವನ ಮುಂದೆ ಅವಮಾನವಾಯಿತು. ಇದು ಸರಿಯೆ? — ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನಿಮಗಾದ ಬೇಸರ ಸಹಜ, ಆದರೆ ಅವರು ತಡೆದದ್ದು ಸರಿ. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳ ನೈರ್ಮಲ್ಯವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ತಪಾಸಣೆ ಮಾಡುತ್ತದೆ. ಡೈಪರ್ ಧರಿಸುವ ಮಕ್ಕಳು ಸಾಮಾನ್ಯ ಈಜುಕೊಳಗಳಿಗೆ ಇಳಿಯಕೂಡದೆಂಬ ನಿಯಮ ಬಂದಿರುವುದು ಅಲ್ಲಿಂದ. ನೀರಿನ ಡೈಪರ್ ಮಲದ ಗಟ್ಟಿ ಭಾಗವನ್ನು ಸ್ವಲ್ಪ ಹೊತ್ತು ತಡೆಯುತ್ತದೆಯೇ ಹೊರತು ಸೂಕ್ಷ್ಮಾಣುಗಳನ್ನಲ್ಲ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲಿಯೂ ಏಳು ದಿನಗಳಿಗಿಂತ ಹೆಚ್ಚು ಕಾಲ ಬದುಕಬಲ್ಲದು. ವಾಂತಿ ಭೇದಿ ತರುವ ನೊರೊವೈರಸ್ಸಿನ ಕೆಲವೇ ಕಣಗಳು ಹೊಟ್ಟೆ ಸೇರಿದರೂ ಒಬ್ಬರು ಕಾಯಿಲೆ ಬೀಳುತ್ತಾರೆ, ಮತ್ತು ಒಂದೇ ಊಟದ ಮನೆಯನ್ನು ಬಳಸುವ ಸಾವಿರಾರು ಜನರ ನಡುವೆ ಅದು ಬೇಗ ಹಬ್ಬುತ್ತದೆ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ, ಮಗುವಿನ ಡೈಪರ್ ಬದಲಿಸಿದ ಮೇಲೆ ಮತ್ತು ಬಫೆಗೆ ಹೋಗುವ ಮುನ್ನ ಸೋಪು ಹಾಕಿ ಕೈ ತೊಳೆಯಲೇಬೇಕು.

ಹಾಗೆಂದು ಸಿಬ್ಬಂದಿ ಇನ್ನೂ ಸೌಮ್ಯವಾಗಿ ಹೇಳಬಹುದಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೆಂದೇ ಬೇರೆ ನೀರಿನ ಜಾಗವಿರುತ್ತದೆ. ಟಿಕೆಟ್ ಕೊಳ್ಳುವ ಮುನ್ನ ಅದನ್ನು ವಿಚಾರಿಸಿ. ಆರು ತಿಂಗಳೊಳಗಿನ ಕೂಸುಗಳನ್ನು ಬಹಳಷ್ಟು ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ, ಬಂದರು ಸಿಗದೆ ಹಲವು ದಿನ ಸಾಗುವ ಯಾನಗಳಿಗೆ ಮಗುವಿಗೆ ವರ್ಷ ತುಂಬಿರಬೇಕೆನ್ನುವುದೂ ಉಂಟು. ಎಲ್ಲ ಹಡಗುಗಳ ಈಜುಕೊಳಗಳಲ್ಲೂ ಕಾವಲಿಗೆ ಜನರಿರುವುದಿಲ್ಲ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ಹೋದ ರಜೆಯಲ್ಲಿ ನಮ್ಮ ಹಡಗಿನಲ್ಲಿ ಕೆಲವು ಮಕ್ಕಳು ಲಿಫ್ಟಿನ ಗುಂಡಿಗಳನ್ನೆಲ್ಲ ಒತ್ತಿ ಓಡುತ್ತಿದ್ದರು. ಗಾಲಿಕುರ್ಚಿಯಲ್ಲಿದ್ದ ನಮ್ಮ ತಂದೆಯವರು ಬಹಳ ಹೊತ್ತು ಕಾಯಬೇಕಾಯಿತು. ಮಕ್ಕಳ ತಾಯಿಗೆ ಹೇಳಿದರೆ, ‘ಮಕ್ಕಳೆಂದ ಮೇಲೆ ಆಡುತ್ತವೆ, ನೀವ್ಯಾರು ಹೇಳಲಿಕ್ಕೆ?’ ಎಂದು ರೇಗಿದರು. ನಾನು ಸುಮ್ಮನಿರಬೇಕಿತ್ತೆ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸುಮ್ಮನಿರಬೇಕಿರಲಿಲ್ಲ; ಗಾಲಿಕುರ್ಚಿಯವರಿಗೆ ಲಿಫ್ಟ್ ಬಿಟ್ಟು ಬೇರೆ ದಾರಿಯೇ ಇಲ್ಲ. ಆದರೆ ಅದೇ ಜನರೊಡನೆ ಇನ್ನೂ ಮೂರು ದಿನ ಅದೇ ಊಟದ ಮನೆಯಲ್ಲಿ ಮುಖಾಮುಖಿಯಾಗಬೇಕಾದಾಗ ಹೇಳುವ ಕ್ರಮ ಮುಖ್ಯವಾಗುತ್ತದೆ. ಮಕ್ಕಳು ಎದುರಿಗಿದ್ದಾಗ, ಅವರಿಗೇ ಮೆತ್ತಗೆ, ‘ಮರಿ, ಅಜ್ಜಾರು ಮೇಲೆ ಹೋಗಬೇಕು, ಅವರಿಗೆ ಮೆಟ್ಟಿಲು ಹತ್ತಲಿಕ್ಕೆ ಆಗೂದಿಲ್ಲ, ಒಂದು ಗುಂಡಿ ಅಷ್ಟೇ ಒತ್ತರಿ’ ಎಂದರೆ ಎಷ್ಟೋ ಮಕ್ಕಳು ಕೇಳುತ್ತಾರೆ, ಕೆಲವರು ನೆರವಿಗೂ ನಿಲ್ಲುತ್ತಾರೆ. ಮೈಮುಟ್ಟುವುದು, ಕೈ ಹಿಡಿದು ಎಳೆಯುವುದು, ಬೆದರಿಸುವುದು ಯಾವ ಕಾರಣಕ್ಕೂ ಬೇಡ. ಎರಡನೆಯ ಬಾರಿಯೂ ಹಾಗೆಯೇ ಆದರೆ ತಾಯಿಯನ್ನು ಹುಡುಕಿಕೊಂಡು ಹೋಗುವ ಬದಲು ಗೆಸ್ಟ್ ಸರ್ವೀಸಸ್ ಮೇಜಿಗೆ ಹೋಗಿ, ಎಷ್ಟು ಹೊತ್ತಿಗೆ, ಯಾವ ಅಂತಸ್ತಿನಲ್ಲಿ ನಡೆಯಿತೆಂದು ಹೇಳಿ. ಹಡಗಿನ ಸಿಬ್ಬಂದಿಗೆ ಕುಟುಂಬವನ್ನು ಕರೆದು ಎಚ್ಚರಿಸುವ ಅಧಿಕಾರವಿದೆ, ಮತ್ತು ನಡವಳಿಕೆ ಮಿತಿಮೀರಿದರೆ ಮುಂದಿನ ಬಂದರಿನಲ್ಲಿ ಇಳಿಸುವ ಹಕ್ಕನ್ನೂ ಕಂಪನಿಗಳು ಟಿಕೆಟ್ಟಿನ ಕರಾರಿನಲ್ಲಿ ಉಳಿಸಿಕೊಂಡಿರುತ್ತವೆ. ಮಗು ನೀರಿನಲ್ಲಿ ಮುಳುಗುತ್ತಿದ್ದರೆ ಅಥವಾ ಕಂಬಿ ಹತ್ತುತ್ತಿದ್ದರೆ ಮಾತ್ರ ಈ ಕ್ರಮಗಳೆಲ್ಲ ಅನ್ವಯಿಸುವುದಿಲ್ಲ. ಆಗ ಯಾರ ಮಗುವೆಂದು ನೋಡದೆ ಮೊದಲು ಹಿಡಿದುಕೊಳ್ಳಿ.

ಆ ತಾಯಿಯೂ ಈ ಅಂಕಣ ಓದುತ್ತಿರಬಹುದೆಂದು ಒಂದು ಮಾತು. ಮಕ್ಕಳು ಆಡಬೇಕು, ನಿಜ. ಹಡಗಿನಲ್ಲಿ ಅದಕ್ಕೆ ಜಾರುಬಂಡೆ, ಆಟದ ಅಂಗಳ, ಕ್ಲಬ್ಬುಗಳಿವೆ. ಲಿಫ್ಟು ಆಟದ ಸಾಮಾನಲ್ಲ. ಹಿರಿಯರಿಗೆಂದೇ ಮೀಸಲಾದ ಕೊಳ ಮತ್ತು ಡೆಕ್ಕುಗಳಿಗೆ ‘ಐದೇ ನಿಮಿಷ’ ಎಂದು ಮಕ್ಕಳನ್ನು ಕರೆದೊಯ್ಯುವುದು, ಬೆಳಿಗ್ಗೆ ಆರಕ್ಕೇ ಎಂಟು ಕುರ್ಚಿಗಳಿಗೆ ಟವೆಲ್ ಹಾಸಿ ಹತ್ತರವರೆಗೆ ಬಾರದಿರುವುದು, ಇಯರ್‌ಫೋನ್ ಹಾಕಿಕೊಳ್ಳದೆ ಫೋನಿನ ಹಾಡು ಹಚ್ಚುವುದು, ಇವೆಲ್ಲ ಹಿರಿಯರಿಂದಲೇ ನಡೆಯುತ್ತವೆ, ಮಕ್ಕಳು ನೋಡುತ್ತಾರೆ.

ಪ್ರಶ್ನೆ: ನಮ್ಮ ಮಗ ವಿದೇಶಿ ಹಡಗೊಂದರಲ್ಲಿ ಕ್ಯಾಬಿನ್ ಸ್ವಚ್ಛ ಮಾಡುವ ಕೆಲಸದಲ್ಲಿದ್ದಾನೆ. ‘ಬೇರೆಯವರಿಗಿಂತ ನಮ್ಮ ದೇಶದವರೇ ನನ್ನನ್ನು ಏಕವಚನದಲ್ಲಿ ಕರೆದು ಕೆಲಸ ಹೇಳುತ್ತಾರೆ ಅಮ್ಮ, ಮಕ್ಕಳೂ ಹಾಗೆಯೇ ಮಾತಾಡುತ್ತವೆ’ ಎಂದು ಫೋನಿನಲ್ಲಿ ಹೇಳಿದ. ಇದನ್ನು ನೀವು ಬರೆಯಬೇಕು. — ತಾಯಿಯೊಬ್ಬರು, ಉಡುಪಿ

ಉತ್ತರ: ಅಮ್ಮಾ, ಬರೆಯುತ್ತಿದ್ದೇನೆ. ಮಂಗಳೂರು, ಉಡುಪಿಯ ಕಡೆಯ ಎಷ್ಟೋ ಮನೆಗಳ ಮಕ್ಕಳು ಈ ಹಡಗುಗಳ ಅಡುಗೆಮನೆ, ಊಟದ ಮನೆ, ಕ್ಯಾಬಿನ್ನುಗಳಲ್ಲಿ ದುಡಿಯುತ್ತಿದ್ದಾರೆ. ತಿಂಗಳುಗಟ್ಟಲೆ ವಾರದ ರಜೆಯಿಲ್ಲದೆ ದುಡಿಯುವುದು ಆ ಕೆಲಸದಲ್ಲಿ ಸಾಮಾನ್ಯ. ಹಡಗು ಕಾರ್ಮಿಕರ ಬಗೆಗಿನ 2006ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಖಾತರಿಯಾಗಿರುವುದು 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ ಹಾಗೂ ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ. ಆ ದಿನದ ವಿಶ್ರಾಂತಿಯನ್ನೂ ಎರಡು ಭಾಗ ಮಾಡಿ ಕೊಡಬಹುದು. ಮಕ್ಕಳು ಹಾಸಿಗೆಯ ಮೇಲೆ ಚಿಪ್ಸ್ ಚೆಲ್ಲಿ, ಒದ್ದೆ ಟವೆಲುಗಳನ್ನು ನೆಲದ ತುಂಬ ಎಸೆದು ಹೋದರೆ ಹೆಚ್ಚುವರಿ ಹೊತ್ತು ಹೋಗುವುದು ಈ ಮಿತಿಯೊಳಗಿನ ದುಡಿಮೆಯಿಂದಲೇ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲ ದಿನವೇ ನಿಮ್ಮ ಕ್ಯಾಬಿನ್ ನೋಡಿಕೊಳ್ಳುವವರ ಹೆಸರು ಕೇಳಿ, ಮಕ್ಕಳಿಗೆ ಪರಿಚಯಿಸಿ. ‘ಅಣ್ಣ’, ‘ಅಕ್ಕ’ ಎಂದೋ ಬಹುವಚನದಲ್ಲೋ ಮಾತನಾಡಲು ಹೇಳಿ. ಮನೆಯಲ್ಲಿ ಕೆಲಸದವರನ್ನು ಏಕವಚನದಲ್ಲಿ ಕರೆಯುವ ಮಗು ಹಡಗಿನಲ್ಲಿ ಬೇರೆ ಮಾತು ಕಲಿಯಲಾರದು. ಅಭ್ಯಾಸ ಮನೆಯಿಂದಲೇ ಆಗಬೇಕು. ಚಿಟಿಕೆ ಹೊಡೆದು ಕರೆಯಬಾರದು. ಬಹಳಷ್ಟು ಹಡಗುಗಳಲ್ಲಿ ಸಿಬ್ಬಂದಿಯ ಪಾಲಿನ ಹಣವೆಂದು ಪ್ರತಿ ಪ್ರಯಾಣಿಕರ ಲೆಕ್ಕಕ್ಕೆ ದಿನಕ್ಕಿಷ್ಟೆಂದು ಸೇರಿಸುತ್ತಾರೆ. ಮಕ್ಕಳ ಹೆಸರಿನಲ್ಲಿದ್ದುದನ್ನು ಕೊನೆಯ ದಿನ ಚೌಕಾಶಿ ಮಾಡಿ ತೆಗೆಸುವವರಿದ್ದಾರೆ. ಸೇವೆಯಲ್ಲಿ ನಿಜವಾದ ಲೋಪವಿದ್ದರೆ ಆಗಲೇ ಹೇಳಿ ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಆ ಹಣವನ್ನು ಮುಟ್ಟಬೇಡಿ. ಒಳ್ಳೆಯ ಕೆಲಸ ಮಾಡಿದವರ ಹೆಸರನ್ನು ಅಭಿಪ್ರಾಯದ ಚೀಟಿಯಲ್ಲಿ ಬರೆಯಿರಿ. ಮೇಲಿನವರು ಅದನ್ನು ಓದುತ್ತಾರೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ದಿನವೂ ದೀಪ ಹಚ್ಚಿ, ಊದುಬತ್ತಿ ಬೆಳಗುವ ಅಭ್ಯಾಸ. ಮೊಮ್ಮಕ್ಕಳಿಗೆ ಅನ್ನ, ಗಂಜಿ ಮಾಡಲು ಚಿಕ್ಕ ಕುಕ್ಕರನ್ನೂ ಒಯ್ಯಬೇಕೆನ್ನುತ್ತಾರೆ. ಕ್ಯಾಬಿನ್ನಿನೊಳಗೆ ಯಾರಿಗೂ ತೊಂದರೆಯಿಲ್ಲವಲ್ಲ? — ಓದುಗರೊಬ್ಬರು, ಮೈಸೂರು

ಉತ್ತರ: ದೀಪ, ಮೇಣದಬತ್ತಿ, ಊದುಬತ್ತಿ, ಅನ್ನದ ಕುಕ್ಕರ್, ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆ ಇವಾವುದನ್ನೂ ವಿಹಾರ ನೌಕೆಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ, ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. 2006ರ ಮಾರ್ಚಿನಲ್ಲಿ ಜಮೈಕಾದತ್ತ ಸಾಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ ಹತ್ತಿದ ಬೆಂಕಿ, ನೂರಕ್ಕೂ ಹೆಚ್ಚು ಕ್ಯಾಬಿನ್ನುಗಳಿಗೆ ಹಾನಿ ಮಾಡಿತು, ಪ್ರಯಾಣಿಕರೊಬ್ಬರು ಸತ್ತರು. ಆರದ ಸಿಗರೇಟ್ ತುಂಡೇ ಅದಕ್ಕೆ ಕಾರಣವಾಗಿರಬಹುದೆಂದು ತನಿಖೆ ನಡೆಸಿದವರು ಅಭಿಪ್ರಾಯಪಟ್ಟರು. ಅತ್ತೆಯವರಿಗೆ ಇದನ್ನು ವಿವರಿಸಿದರೆ ಅವರೇ ಒಪ್ಪಿಕೊಳ್ಳುತ್ತಾರೆ. ಬ್ಯಾಟರಿಯ ಪುಟ್ಟ ದೀಪ, ದೇವರ ಪಟ, ಬೆಳಗಿನ ಸ್ತೋತ್ರಕ್ಕೆ ಯಾರ ಅಡ್ಡಿಯೂ ಇಲ್ಲ. ಮೊಮ್ಮಕ್ಕಳ ಊಟಕ್ಕಾಗಿ ಟಿಕೆಟ್ ಕಾಯ್ದಿರಿಸುವಾಗಲೇ ಸಸ್ಯಾಹಾರವೆಂದು, ಬೇಕಿದ್ದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವೆಂದು ಬರೆಸಿ. ಹತ್ತಿದ ದಿನ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಮೆತ್ತನೆಯ ಅನ್ನ, ಮೊಸರು ಬೇಕೆಂದು ಕೇಳಿದರೆ ಸಿಂಗಪುರ ಹಾಗೂ ಮುಂಬೈಯಿಂದ ಹೊರಡುವ ಹಡಗುಗಳಲ್ಲಿ ಅದು ಕಷ್ಟವಾಗುವುದಿಲ್ಲ.