ಜಿಪಿಎಸ್ ಜಾಗ ತೋರಿಸಿದರೂ ಜಿಯೋಕ್ಯಾಶ್ ಡಬ್ಬಿ ಸಿಗದಿದ್ದರೆ
ಜಿಯೋಕ್ಯಾಶಿಂಗ್ ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟ. ಅದರಲ್ಲಿ ಫೋನ್ 'ತಲುಪಿದ್ದೀರಿ' ಅಂದರೂ ಮಕ್ಕಳಿಗೆ ಡಬ್ಬಿ ಸಿಗಲಿಲ್ಲ ಅಂದಿರಲ್ಲ, ಕಾರಣ ಬಹುಶಃ ಅಲ್ಲಿನ ಮರಗಳೇ. ಬಯಲಲ್ಲೇ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ದಟ್ಟ ಮರಗಳ ಕೆಳಗೆ ಇನ್ನೂ ಜಾಸ್ತಿ. ಡಬ್ಬಿ ಬಚ್ಚಿಟ್ಟು ಜಾಗ ಗುರುತಿಸಿದವರಿಗೂ ಇದೇ ತೊಂದರೆ ಆಗಿರುತ್ತದೆ, ಅಲ್ವಾ?

ಮೊದಲು ಆ್ಯಪ್‌ನಲ್ಲಿ ಹಿಂದೆ ಹುಡುಕಿದವರು ಬರೆದ ಲಾಗ್ (ಟಿಪ್ಪಣಿ) ಓದಿ. ಸಾಲಾಗಿ 'ಸಿಗಲಿಲ್ಲ' ಅಂತಿದ್ದರೆ ಡಬ್ಬಿಯೇ ಕಳೆದುಹೋಗಿರಬಹುದು. ಸುಮ್ನೆ ಮಕ್ಕಳನ್ನು ದಣಿಸಬೇಡಿ. ಆಮೇಲೆ ಅಲ್ಲೇ ಡಬ್ಬಿಯ ಗಾತ್ರ ನೋಡಿ. ಮೈಕ್ರೊ ಅಂದರೆ ಹಳೇ ಫಿಲ್ಮ್ ರೋಲ್ ಡಬ್ಬಿಯಷ್ಟೇ. ಹತ್ತು ಮೀಟರ್ ಹತ್ತಿರ ಬಂದಮೇಲೆ ಫೋನ್ ಜೇಬಿಗೆ ಹಾಕಿ, ಕಣ್ಣಿನಿಂದಲೇ ಹುಡುಕಿ: ಬೇರಿನ ಸಂದು, ಬೆಂಚಿನ ಅಡಿ, ಬೇಕಂತಲೇ ಜೋಡಿಸಿದಂತಿರುವ ಕಲ್ಲುಗಳು. ಸಂದಿಗೆ ಮಕ್ಕಳು ಬರಿಗೈ ಹಾಕದಿರಲಿ. ಹಾವು, ಚೇಳು ಇದ್ದೀತು, ಕೋಲಿನಿಂದ ನೀವೇ ಮೊದಲು ತಟ್ಟಿ ನೋಡಿ.

ಮುಂದಿನ ಸಲ ಕಷ್ಟದ ಮಟ್ಟ 1 ಅಥವಾ 1.5 (ಅಂದರೆ ತೀರ ಸುಲಭ), ಗಾತ್ರ 'ರೆಗ್ಯುಲರ್' (ಮೈಕ್ರೊಗಿಂತ ದೊಡ್ಡದು) ಇರುವುದನ್ನೇ ಆರಿಸಿ.