ಬ್ಲೂ ಕಲರ್ ಇರೋದಕ್ಕೆ ಬ್ಲೂಮರ್ರಾ?

ಪ್ರಶ್ನೆ: ಮೇಡಂ, ಮಗಳಿಗೆ ಯೂನಿಫಾರ್ಮ್ ತಗೊಳಕ್ಕೆ ಚಿಕ್ಕಪೇಟೆಗೆ ಹೋಗಿದ್ವಿ. ನಮ್ಮತ್ತೆ 'ಎರಡು ಬ್ಲೂಮರ್ ಕೊಡಪ್ಪ' ಅಂದ್ರು, ಅಂಗಡಿಯವ್ನು ಪಟ್ ಅಂತ ತೆಗ್ದುಕೊಟ್ಟ. ಮಗಳು ಮಾತ್ರ ಮೆಟ್ರೋಲಿ ಬರ್ತಾ 'ಬ್ಲೂ ಕಲರ್ ಇರೋದಕ್ಕೆ ಬ್ಲೂಮರ್ರಾ' ಅಂತ ಒಂದೇ ಸಮ. ಬ್ಲೂಮ್ ಅಂದ್ರೆ ಅರಳೋದು, ಹೂವಿನ ತರ ಅಗಲ ಇರುತ್ತಲ್ಲ ಅದಕ್ಕೆ ಅಂತ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಸರಿನಾ?
– ಒಬ್ಬ ಓದುಗಿ, ಬಸವನಗುಡಿ

ಉತ್ತರ: ಇಬ್ರದ್ದೂ ತಪ್ಪು, ಆದ್ರೆ ಮಗಳ ಊಹೆಗೇ ನನ್ನ ಓಟು. ನಮ್ಮ ಸ್ಕೂಲಲ್ಲೂ ನೇವಿ ಬ್ಲೂ ಸ್ಕರ್ಟ್ ಒಳಗೆ ಅದೇ ಬಣ್ಣದ್ದು ಹಾಕ್ಬೇಕಿತ್ತು, ತೊಡೆಗೆ ಎಲಾಸ್ಟಿಕ್ ಕಚ್ಚಿ ಕೆಂಪಗೆ ಗೆರೆ ಬೀಳೋದು, ನಾನೂ ಎಷ್ಟೋ ವರ್ಷ ಹಾಗೇ ಅಂದ್ಕೊಂಡಿದ್ದೆ.

ಬ್ಲೂಮರ್ ಅನ್ನೋದು ಒಬ್ಬರ ಮನೆತನದ ಹೆಸ್ರು. ಅಮೀಲಿಯಾ ಬ್ಲೂಮರ್ ಅಂತ, ಅಮೆರಿಕದ ಸೆನೆಕಾ ಫಾಲ್ಸ್ ಊರಲ್ಲಿ ಹೆಂಗಸರಿಗೋಸ್ಕರ ಪತ್ರಿಕೆ ನಡೆಸ್ತಿದ್ರು. ತವರಿನ ಹೆಸ್ರು ಜೆಂಕ್ಸ್, ಬ್ಲೂಮರ್ ಗಂಡನ ಕಡೆದು, ಅಂದ್ರೆ ಹೆಂಗಸರ ಒಳಉಡುಪಿಗೆ ಅಂಟ್ಕೊಂಡಿದ್ದು ಪಾಪ ಆ ಯಜಮಾನರ ಮನೆ ಹೆಸ್ರು! ಹೂವು ಬೇಕೇ ಬೇಕು ಅಂದ್ರೆ ಆಯಮ್ಮನ ಪತ್ರಿಕೆ ಹೆಸ್ರು 'ದಿ ಲಿಲಿ'.

ಆಗ ಅಲ್ಲಿ ಹೆಂಗಸರ ಸ್ಕರ್ಟು ನೆಲ ಗುಡಿಸ್ತಿತ್ತು, ಒಳಗೆ ಪದರ ಪದರ ಪೆಟಿಕೋಟು ಬೇರೆ. 1851ರಲ್ಲಿ ಎಲಿಜಬೆತ್ ಸ್ಮಿತ್ ಮಿಲ್ಲರ್ ಅನ್ನೋರು ಗಿಡ್ಡ ಸ್ಕರ್ಟ್ ಹಾಕಿ ಅದ್ರ ಕೆಳಗೆ ಟರ್ಕಿ ಕಡೆಯವರ ತರ ದೊಗಳೆ ಪ್ಯಾಂಟ್ ತೊಟ್ಟು ಆ ಊರಿಗೆ ಬಂದ್ರು, ಕಣಕಾಲ ಹತ್ರ ನೆರಿಗೆ ಕಟ್ಟಿದ್ದು, ನಮ್ಮ ಪಟಿಯಾಲಾ ನೆನಪಿಸ್ಕೊಳಿ. ಅಮೀಲಿಯಾಗೆ ಇಷ್ಟ ಆಗಿ ತಾವೂ ಹಾಕ್ಕೊಂಡು ಪತ್ರಿಕೇಲೂ ಬರೆದ್ರು, ಬೇರೆ ಪತ್ರಿಕೆಯವರು ಸಿಕ್ಕಾಪಟ್ಟೆ ಗೇಲಿ ಮಾಡಿ ಇವರ ಹೆಸರನ್ನೇ ಆ ಬಟ್ಟೆಗೆ ತಗುಲಿಸಿದ್ರು. ಹೊಲಿಸಿದ್ದು ಒಬ್ರು, ಹೆಸರು ಇನ್ನೊಬ್ರದ್ದು. ಆಗದು ಒಳಗೆ ಹಾಕೋದಲ್ಲ, ನಾಲ್ಕು ಜನರ ಎದುರು ತೊಡೋದೇ. 1890ರ ದಶಕದಲ್ಲಿ ಸೈಕಲ್ ಹುಚ್ಚು ಹತ್ತಿದ್ಮೇಲೆ ಮತ್ತೆ ಬೇಕಾಯ್ತು, ಆಮೇಲೆ ಗಿಡ್ಡ ಆಗ್ತಾ ಆಗ್ತಾ ಸ್ಕರ್ಟ್ ಒಳಗೆ ಸೇರ್ಕೊಂಡ್ತು.

ನಿಕ್ಕರ್ ಕತೆನೂ ಹೀಗೇ. ವಾಷಿಂಗ್ಟನ್ ಇರ್ವಿಂಗ್ ಅನ್ನೋ ಅಮೆರಿಕದ ಲೇಖಕ 1809ರಲ್ಲಿ ನಿಕ್ಕರ್‌ಬಾಕರ್ ಅನ್ನೋ ಕಳ್ಳಹೆಸರಲ್ಲಿ ನ್ಯೂಯಾರ್ಕ್ ಚರಿತ್ರೆ ಬರೆದಿದ್ದ, ಆ ಹೆಸ್ರು ಮೊಣಕಾಲ ಹತ್ರ ಬಿಗಿಯೋ ದೊಗಳೆ ಚಡ್ಡಿಗೆ ಬಂತು, ತುಂಡಾಗಿ ನಿಕ್ಕರ್ಸ್ ಆಯ್ತು. ನಮ್ಮಲ್ಲಿ ಅದು ಗಂಡುಹುಡುಗರ ಚಡ್ಡಿ, ಇಂಗ್ಲೆಂಡಲ್ಲಿ ಹೆಂಗಸರ ಒಳಚಡ್ಡಿ. ಲಂಡನ್ನಿಗೆ ಹೋದ್ರೆ ಅತ್ತೆ ಅಂಗಡೀಲಿ ಮೊಮ್ಮಗನಿಗೆ ನಿಕ್ಕರ್ ಕೇಳದ ಹಾಗೆ ನೋಡ್ಕೊಳಿ.