ಓಲ್ಡ್ ಸೇರಮ್ ಲೇಖನ: ಕಾಲಕ್ರಮ ತಪ್ಪಿದ ಕಥೆ

ಮಾನ್ಯರೇ, ನಮಸ್ಕಾರ.

ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದ ಪಕ್ಕದಲ್ಲಿದ್ದ ಓಲ್ಡ್ ಸೇರಮ್ ಮತಕ್ಷೇತ್ರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಸ್ತು ಬಹಳ ಒಳ್ಳೆಯದಾಗಿರುವುದರಿಂದ ಕೈಬಿಡಲೂ ಮನಸ್ಸು ಬರುತ್ತಿಲ್ಲ. ಹಾಗಾಗಿ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಪ್ರಜಾಪ್ರಭುತ್ವದ ಹಿರಿಮೆಯನ್ನು ಹೇಳುವ ಮೊದಲ ಎರಡು ಪುಟಗಳನ್ನು ತೆಗೆದುಬಿಡಿ. ಆರನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುವ ಎಲ್ಮ್ ಮರದಿಂದ ಲೇಖನ ಶುರುವಾಗಲಿ. ಗುಡ್ಡದ ಮೇಲಿನ ಊರು ಬರಿದಾಗಿ ಶತಮಾನಗಳು ಕಳೆದ ಮೇಲೂ, ಕೆಳಗಿನ ಹೊಲದಲ್ಲಿದ್ದ ಆ ಮರದಡಿ ಬೆರಳೆಣಿಕೆಯ ಮತದಾರರು ಸೇರಿ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ಇಬ್ಬರು ಸದಸ್ಯರನ್ನು ಆರಿಸುತ್ತಿದ್ದರು.

ಇದನ್ನು ನೀವು ‘ಕಳ್ಳಮತದಾನ’ ಎಂದು ಕರೆದಿದ್ದೀರಿ. ಅದು ಸರಿಯಲ್ಲ. ಅಲ್ಲಿ ಮತದ ಹಕ್ಕು ಅಂಟಿಕೊಂಡಿದ್ದದ್ದು ನಿವೇಶನಕ್ಕೆ. ಮನೆ ಬಿದ್ದುಹೋಗಿ ಹುಲ್ಲು ಬೆಳೆದರೂ ಆ ತುಂಡು ನೆಲದ ಹಿಡುವಳಿದಾರನಿಗೆ ಮತವಿತ್ತು. ನಿವೇಶನಗಳನ್ನೆಲ್ಲ ಕೊಂಡುಕೊಂಡ ಒಡೆಯನು ಚುನಾವಣೆಯ ಹೊತ್ತಿಗೆ ಅವನ್ನು ತನ್ನ ನಂಬಿಕಸ್ಥರ ಹೆಸರಿಗೆ ಬರೆದುಕೊಟ್ಟರೆ ಸಾಕು, ಎಲ್ಲ ಮತಗಳೂ ಅವನು ಹೇಳಿದವರಿಗೇ ಬೀಳುತ್ತಿದ್ದವು; ಮತದಾನ ಬಹಿರಂಗವಾಗಿದ್ದುದರಿಂದ ಮಾತು ತಪ್ಪಿದವನು ಮರೆಯಾಗುವಂತೆಯೂ ಇರಲಿಲ್ಲ. ಇಷ್ಟೆಲ್ಲವೂ ಕಾನೂನುಬದ್ಧವಾಗಿಯೇ ನಡೆಯುತ್ತಿತ್ತೆಂಬುದು ನನ್ನನ್ನು ಬೆಚ್ಚಿಬೀಳಿಸುತ್ತದೆ. ನಿಮ್ಮ ಕೋಪದ ವಿಶೇಷಣಗಳ ಅಡಿಯಲ್ಲಿ ಅದೇ ಹೂತುಹೋಗಿದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮದರಾಸಿನ ಗವರ್ನರ್ ಥಾಮಸ್ ಪಿಟ್ ಗೋಲ್ಕೊಂಡದ ವಜ್ರವನ್ನು ಮಾರಿದ ಹಣದಿಂದ ಓಲ್ಡ್ ಸೇರಮ್ ಕೊಂಡನೆಂದು ಬರೆದಿದ್ದೀರಿ. ಆತ ಅದನ್ನು ಕೊಂಡದ್ದು 1691ರಲ್ಲಿ, ಗವರ್ನರ್ ಆದದ್ದು 1698ರಲ್ಲಿ. ವಜ್ರ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಾಟವಾದದ್ದು 1717ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವನ್ನು ಧಿಕ್ಕರಿಸಿ ನಡೆಸಿದ ವ್ಯಾಪಾರದಲ್ಲಿ ಆತ ಓಲ್ಡ್ ಸೇರಮ್ ಕೊಳ್ಳುವ ಮೊದಲೇ ಸಂಪತ್ತು ಗಳಿಸಿದ್ದ. ವಜ್ರದ ಕಥೆ ಆಕರ್ಷಕವೆಂದು ಇಪ್ಪತ್ತಾರು ವರ್ಷಗಳನ್ನು ಹಿಂದುಮುಂದು ಮಾಡುವ ಸ್ವಾತಂತ್ರ್ಯ ಚರಿತ್ರೆ ಬರೆಯುವವರಿಗಿಲ್ಲ. ಅವನ ಮೊಮ್ಮಗ, ಮುಂದೆ ಪ್ರಧಾನಿಯಾದ ಹಿರಿಯ ವಿಲಿಯಂ ಪಿಟ್, 1735ರಲ್ಲಿ ಇಲ್ಲಿಂದಲೇ ಸಭೆಗೆ ಹೋದದ್ದನ್ನು ನೀವು ಬಿಟ್ಟೇಬಿಟ್ಟಿದ್ದೀರಿ, ದಯವಿಟ್ಟು ಸೇರಿಸಿ.

ಸಂಸತ್ತಿನ ಸ್ಥಾನಗಳನ್ನು ಮರುಹಂಚಿದ 1832ರ ಸುಧಾರಣಾ ಕಾಯಿದೆಯ ಭಾಗವನ್ನು ಮುಟ್ಟಬೇಡಿ. ಓಲ್ಡ್ ಸೇರಮ್ ಕಳೆದುಕೊಂಡ ಎರಡು ಸ್ಥಾನಗಳ ಪಕ್ಕದಲ್ಲೇ, ಅಲ್ಲಿಯವರೆಗೆ ತನ್ನದೇ ಸದಸ್ಯರಿಲ್ಲದಿದ್ದ ಮ್ಯಾಂಚೆಸ್ಟರಿಗೆ ಸಿಕ್ಕ ಎರಡು ಸ್ಥಾನಗಳನ್ನು ಇಟ್ಟು ತೋರಿಸಿರುವ ರೀತಿ ನನಗೆ ತುಂಬ ಹಿಡಿಸಿತು.

ಪೆನ್ಸಿಲಿನಲ್ಲಿ ಗುರುತು ಹಾಕಿದ ಹಸ್ತಪ್ರತಿಯನ್ನು ಇದರೊಂದಿಗೆ ಮರಳಿಸುತ್ತಿದ್ದೇನೆ. ತಿದ್ದಿ ಕಳಿಸಿದರೆ ಮತ್ತೆ ನಾನೇ ಓದುತ್ತೇನೆ.

ಇಂತು,
ಸಂಪಾದಕ